ತತ್ವಜ್ಞಾನದ ತೋಟದಲ್ಲಿ ಹಾಜರಿ

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಎಲ್ಲಿಗೆ ಹೋದರೂ ಮೊದಲು ತಲೆ ಎಣಿಸುವುದು. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೂ ಅಷ್ಟೆ, ಬಸ್ಸು ಹತ್ತಿದರೂ ಅಷ್ಟೆ. ಯಾರು ಬಂದಿದ್ದಾರೆ ಎನ್ನುವುದಕ್ಕಿಂತ ಯಾರು ಬಂದಿಲ್ಲ ಎನ್ನುವುದೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತದೆ. ಈ ಚಾಳಿಯನ್ನು ನಾನು ಟೋಕಿಯೋ ನಗರದ ಒಂದು ಉದ್ಯಾನಕ್ಕೂ ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಹಾಜರಿ ಕರೆದಾಗ ಸಿಕ್ಕಿದ ಲೆಕ್ಕದಿಂದ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಬರಹ.

ಟೋಕಿಯೋಗೆ ನಾನು ಪ್ರವಾಸಕ್ಕೆಂದು ಹೋದವಳಲ್ಲ. ಮಗಳಿಗೆ ಹೆರಿಗೆಯಾಗಿತ್ತು. ಪರೀಕ್ಷೆ, ಮೌಲ್ಯಮಾಪನ ಮುಗಿಯದೆ ನನಗೆ ರಜೆ ಸಿಗುವಂತಿರಲಿಲ್ಲವಾದ್ದರಿಂದ ಮೊದಲ ಮೂರು ತಿಂಗಳ ಬಾಣಂತನವನ್ನು ನನ್ನ ಬೀಗಿತ್ತಿಯೇ ಮಾಡಿ ಮುಗಿಸಿದ್ದರು. ಬೇಸಿಗೆ ರಜೆಯಲ್ಲಿ ನನ್ನ ಸರದಿ ಬಂತು. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಹಾಲು ಕುಡಿದು ಅದು ತೂಕಡಿಸುವ ಹೊತ್ತಿಗೆ ಗಾಡಿಯಲ್ಲಿ ಮಲಗಿಸಿಕೊಂಡು ನಾನು ಹೊರಟುಬಿಡುತ್ತಿದ್ದೆ. ಆ ಎರಡು ಗಂಟೆ ಮಗಳು ನಿದ್ದೆ ಮಾಡಲಿ ಎಂದು. ಹಾಗೆ ನಡೆಯುತ್ತಾ ನಕಾನೊ ಎಂಬ ಭಾಗದಲ್ಲಿ, ಮ್ಯೋಶೋಜಿ ಎಂಬ ಸಣ್ಣ ನದಿಯ ದಂಡೆಯಲ್ಲಿ ನನಗೆ ಸಿಕ್ಕಿದ್ದು ತೆತ್ಸುಗಾಕುದೊ ಉದ್ಯಾನ. ‘ತೆತ್ಸುಗಾಕು’ ಎಂದರೆ ತತ್ವಶಾಸ್ತ್ರ, ‘ದೊ’ ಎಂದರೆ ಮಂದಿರ. ತತ್ವಶಾಸ್ತ್ರಕ್ಕೊಂದು ಮಂದಿರ, ಅದರ ಸುತ್ತ ಒಂದು ತೋಟ!

ಬಿ.ಎ.ಯಲ್ಲಿ ನಾನು ತತ್ವಶಾಸ್ತ್ರವನ್ನೂ ಓದಿದ್ದೆ. ಎಂ.ಎ. ಮಾಡುತ್ತೇನೆ ಎಂದಾಗ ಮನೆಯಲ್ಲಿ, “ಹೆಣ್ಣು ಹುಡುಗೀಗೆ ತತ್ವ ಕಟ್ಟಿಕೊಂಡು ಏನಾಗಬೇಕು, ಬಿ.ಎಡ್. ಮಾಡಿದರೆ ನಾಲ್ಕು ಕಾಸಾದರೂ ಬರುತ್ತೆ” ಎಂದರು. ಆ ಮಾತು ಸುಳ್ಳಾಗಲಿಲ್ಲ, ನಾಲ್ಕು ಕಾಸು ಬಂತು. ಆದರೆ ಅಂದು ಮುಚ್ಚಿಟ್ಟ ಪುಸ್ತಕದ ನೆನಪು ನಕಾನೊದ ಆ ಫಲಕದ ಮುಂದೆ ತಟ್ಟನೆ ಎದ್ದು ಬಂತು.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಈ ತೋಟ ಕಟ್ಟಿದವರು ಇನೋಯೆ ಎನ್ರಿಯೋ. ಹುಟ್ಟಿದ್ದು 1858ರಲ್ಲಿ, ಒಂದು ಬೌದ್ಧ ಮಂದಿರದ ಪುರೋಹಿತರ ಮಗನಾಗಿ. 1885ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ ಮುಗಿಸಿ, 1887ರಲ್ಲಿ ಸ್ವಂತ ತತ್ವಶಾಸ್ತ್ರ ಶಾಲೆಯೊಂದನ್ನು ತೆರೆದರು. ಅದೇ ಇಂದಿನ ತೋಯೋ ವಿಶ್ವವಿದ್ಯಾಲಯ. ಹಣವಿಲ್ಲದವರಿಗೂ ವಿರಾಮವಿಲ್ಲದವರಿಗೂ ತತ್ವಶಾಸ್ತ್ರ ಸಿಗಬೇಕು ಎನ್ನುವುದು ಆ ಶಾಲೆಯ ಗುರಿ. ಬರಲಾಗದವರಿಗೆ ಪಾಠಗಳನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ದೆವ್ವ, ಭೂತ, ಶಕುನಗಳ ಮೂಢನಂಬಿಕೆಯ ಮೇಲೆ ಸಮರ ಹೂಡಿ ‘ದೆವ್ವದ ಡಾಕ್ಟರು’ ಎಂದೇ ಹೆಸರಾದವರು. 1904ರಲ್ಲಿ ಇಲ್ಲಿ ಮೊದಲ ಮಂದಿರ ಎದ್ದಿತು. 1906ರಲ್ಲಿ ಶಾಲೆಯ ಹೊಣೆಯಿಂದ ಬಿಡುಗಡೆ ಪಡೆದು ಊರೂರು ಸುತ್ತಿ ಭಾಷಣ ಮಾಡಿದರು. ಕೇಳಿದವರಿಗೆ ಕುಂಚದಲ್ಲಿ ಬರಹ ಬರೆದುಕೊಟ್ಟು, ಬಂದ ಕಾಣಿಕೆಯಿಂದ ತೋಟವನ್ನು ಬೆಳೆಸಿದರು. 1919ರಲ್ಲಿ ತೀರಿಕೊಳ್ಳುವವರೆಗೂ ಇದೇ ಕೆಲಸ. 1944ರಲ್ಲಿ ಇದು ಸರ್ಕಾರಕ್ಕೆ ದಾನವಾಗಿ ಬಂತು, 1946ರಲ್ಲಿ ಸಾರ್ವಜನಿಕ ಉದ್ಯಾನವಾಯಿತು, 1975ರಲ್ಲಿ ನಕಾನೊ ಪುರಸಭೆಯ ಕೈಗೆ ಬಂತು. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಇಂಥ ಮನುಷ್ಯನ ಮೇಲೆ ಗೌರವ ಮೂಡದಿದ್ದರೆ ನಾನು ಟೀಚರೇ ಅಲ್ಲ.

ತೋಟದಲ್ಲಿ 77 ತಾಣಗಳಿಗೆ ಎನ್ರಿಯೋ ಹೆಸರಿಟ್ಟಿದ್ದಾರೆ. ಅನುಭವದ ಇಳಿಜಾರು, ಸಂಶಯದ ಓಣಿ, ದ್ವಂದ್ವದ ಕವಲು, ಆದರ್ಶದ ಸೇತುವೆ, ದೇಶಕಾಲಗಳ ದಿಣ್ಣೆ. ಕೆಳಗೆ ನದಿಯ ಮಗ್ಗುಲಲ್ಲಿ ಒಂದು ಕಡೆ ಜಡವಾದದ ತೋಟ, ಇನ್ನೊಂದು ಕಡೆ ಚೈತನ್ಯವಾದದ ತೋಟ. ಚೈತನ್ಯವಾದದ ತೋಟದಲ್ಲಿ ‘ಮನಸ್ಸು’ ಎಂಬ ಅಕ್ಷರದ ಆಕಾರದಲ್ಲೇ ಕೊಳ ತೋಡಿದ್ದಾರೆ. ಅಲ್ಲಿಂದ ದಿಣ್ಣೆ ಹತ್ತಲು ‘ಅರಿವಿನ ಹಾದಿ’ ಎಂಬ ಸುತ್ತುದಾರಿಯಿದೆ, ‘ಸಹಜಸ್ಫೂರ್ತಿಯ ಹಾದಿ’ ಎಂಬ ಅಡ್ಡದಾರಿಯೂ ಇದೆ. ಮಗುವಿನ ಗಾಡಿ ತಳ್ಳುವವಳಿಗೆ ಎರಡೂ ಒಂದೇ, ಎರಡರಲ್ಲೂ ಏದುಸಿರು! ನಗು ಬಂತು. ಪುಸ್ತಕದಲ್ಲಿ ತಲೆನೋವು ತರುತ್ತಿದ್ದ ಶಬ್ದಗಳು ಇಲ್ಲಿ ಕಾಲಿಗೆ ಸಿಗುತ್ತವಲ್ಲ, ಎಂಥ ಒಳ್ಳೆಯ ಮೇಷ್ಟರಪ್ಪ ಇವರು ಎಂದುಕೊಂಡೆ.

ಆಮೇಲೆ ಹಾಜರಿ ಕರೆದೆ.

ಮೊದಲ ಮಂದಿರ, ನಾಲ್ವರು ಮಹಾತ್ಮರದು. ಬುದ್ಧ, ಕನ್‌ಫ್ಯೂಷಿಯಸ್, ಸಾಕ್ರಟೀಸ್, ಕಾಂಟ್. ಅದರ ಹತ್ತಿರ ಕೆಂಪು ಬಣ್ಣದ ಆರು ಮೂಲೆಯ ಗೋಪುರ, ಪೂರ್ವದೇಶಗಳ ಆರು ಜ್ಞಾನಿಗಳಿಗೆ. ಜಪಾನಿನ ರಾಜಕುಮಾರ ಶೋತೊಕು ಮತ್ತು ಸುಗಾವರ ನೊ ಮಿಚಿಜಾನೆ, ಚೀನಾದ ಚುವಾಂಗ್‌ ತ್ಸು ಮತ್ತು ಚು ಶಿ, ನಮ್ಮ ನಾಗಾರ್ಜುನ ಮತ್ತು ಕಪಿಲ. ಕಪಿಲ ಮಹರ್ಷಿಯ ಹೆಸರನ್ನು ಟೋಕಿಯೋದಲ್ಲಿ ಕಂಡಾಗ ಊರಿನವರು ಸಿಕ್ಕಿದಷ್ಟೇ ಸಂತೋಷವಾಯಿತು. ಮೂರು ಮೂಲೆಯ ಒಂದು ಚಾವಡಿ ಜಪಾನಿನ ಮೂವರು ವಿದ್ವಾಂಸರಿಗೆ: ಹಿರಾತಾ ಅತ್ಸುತಾನೆ, ಹಯಾಶಿ ರಾಜಾನ್, ಗ್ಯೋನೆನ್. ಇನ್ನೊಂದು ಕಡೆ ತತ್ವಶಾಸ್ತ್ರದ ಮೂವರು ಮೂಲಪುರುಷರು: ಚೀನಾದ ಪೀತ ಸಾಮ್ರಾಟ, ನ್ಯಾಯಶಾಸ್ತ್ರದ ಅಕ್ಷಪಾದ ಗೌತಮ, ಗ್ರೀಸಿನ ಥೇಲ್ಸ್. ಅಲ್ಲಿಗೆ ಹದಿನಾರು.

ನದಿಯ ಆಚೆ ದಂಡೆಗೆ ಹೋದರೆ 2009ರಲ್ಲಿ ನಿಲ್ಲಿಸಿದ ಹನ್ನೊಂದು ಕಂಚಿನ ಪ್ರತಿಮೆಗಳಿವೆ. ಹಂಗೇರಿ ಮೂಲದ ಶಿಲ್ಪಿ ನಾಂದೋರ್ ವಾಗ್ನರ್ ಮಾಡಿದ್ದು. ಜಪಾನಿ ಹೆಣ್ಣನ್ನು ಮದುವೆಯಾಗಿ ಜಪಾನಿನಲ್ಲೇ ನೆಲೆಸಿ 1997ರಲ್ಲಿ ತೀರಿಕೊಂಡ ಕಲಾವಿದ. ಲಾವೋ ತ್ಸು, ಏಸು, ಬುದ್ಧ, ಅಬ್ರಹಾಂ, ಈಜಿಪ್ಟಿನ ಅಖೆನಾತೆನ್. ಬೋಧಿಧರ್ಮ, ಸಂತ ಫ್ರಾನ್ಸಿಸ್, ನಮ್ಮ ಗಾಂಧಿ. ಹಮ್ಮುರಾಬಿ, ಜಸ್ಟಿನಿಯನ್, ಮತ್ತೆ ಶೋತೊಕು. ಒಟ್ಟು ಇಪ್ಪತ್ತೇಳು. ಎರಡು ಸಲ ಬಂದ ಬುದ್ಧನನ್ನೂ ಶೋತೊಕುವನ್ನೂ ಒಂದೊಂದೇ ಸಲ ಎಣಿಸಿದರೆ ಇಪ್ಪತ್ತೈದು. ಇಪ್ಪತ್ತೈದೂ ಗಂಡಸರು.

ಹೆಣ್ಣು ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ತೋಟಕ್ಕೆ ‘ತತ್ವದ ಬಾಗಿಲು’ ಎಂಬ ಹಳೆಯ ದ್ವಾರವಿದೆ. ನಮ್ಮ ದೇವಸ್ಥಾನಗಳ ದ್ವಾರಪಾಲಕರ ಹಾಗೆ ಅದರ ಒಂದು ಪಕ್ಕದಲ್ಲಿ ತೆಂಗು ಎಂಬ ಜಪಾನೀ ಭೂತ, ಇನ್ನೊಂದು ಪಕ್ಕದಲ್ಲಿ ಒಂದು ದೆವ್ವ. ಭೂತ ಜಡಪ್ರಪಂಚಕ್ಕೆ, ದೆವ್ವ ಮನಸ್ಸಿನ ಪ್ರಪಂಚಕ್ಕೆ ಸಂಕೇತವಂತೆ. ಮೂಢನಂಬಿಕೆಯ ತಳದಲ್ಲೂ ಒಂದು ಸತ್ಯ ಅಡಗಿರುತ್ತದೆ ಎಂದು ತಿಳಿಸಲು ಅವನ್ನು ಅಲ್ಲಿ ನಿಲ್ಲಿಸಿದ್ದಾರೆ. ಬಡಕಲು ಮೈಯ ಆ ದೆವ್ವ ನನ್ನ ಕಣ್ಣಿಗೆ ಹೆಣ್ಣಾಗಿಯೇ ಕಂಡಿತು. ಒಳಗೆ ಇಪ್ಪತ್ತೈದು ಜ್ಞಾನಿಗಳು, ಹೊರಗೆ ಬಾಗಿಲು ಕಾಯಲು ಒಬ್ಬ ಹೆಂಗಸು. ಅವಳೂ ಸತ್ತವಳು.

ರಾತ್ರಿ ಊಟದ ಹೊತ್ತಿಗೆ ಈ ಮಾತೆತ್ತಿದಾಗ ಅಳಿಯ ನಕ್ಕ. “ಅತ್ತೆ, ನೀವು ಪಾರ್ಕಿಗೆ ಹೋದರೂ ಅಟೆಂಡೆನ್ಸ್ ತಗೋತೀರಲ್ಲ! ಆ ಕಾಲ ಹಾಗಿತ್ತು. ನೂರಿಪ್ಪತ್ತು ವರ್ಷದ ಹಿಂದಿನವರನ್ನ ಈಗ ಬೈದರೆ ಏನು ಬಂತು?”

ಅಳಿಯ ಒಳ್ಳೆಯವನು. ಆದರೆ ‘ಆ ಕಾಲ ಹಾಗಿತ್ತು’ ಎನ್ನುವ ಮಾತಿದೆಯಲ್ಲ, ಅದು ಎಷ್ಟು ಸಲೀಸಾಗಿ ನಮ್ಮ ಬಾಯಿ ಮುಚ್ಚಿಸಿಬಿಡುತ್ತದೆ! ಸರಿ, ಆ ಕಾಲ ಹೇಗಿತ್ತು ಎಂದೇ ನೋಡೋಣ. ಎನ್ರಿಯೋ ಹುಟ್ಟುವುದಕ್ಕೂ ಮೊದಲೇ ಜಪಾನಿನಲ್ಲಿ ತಡಾನೊ ಮಾಕುಜು ಎಂಬ ಹೆಂಗಸಿದ್ದಳು. ವೈದ್ಯರ ಮಗಳು, 1763ರಲ್ಲಿ ಹುಟ್ಟಿದವಳು. ‘ಒಂಟಿ ಆಲೋಚನೆಗಳು’ ಎಂಬ ಅರ್ಥದ ಹೆಸರಿಟ್ಟು ಸಮಾಜದ ಬಗ್ಗೆ, ಹೆಣ್ಣುಗಂಡಿನ ಬಗ್ಗೆ ಒಂದು ಗ್ರಂಥ ಬರೆದಳು. ಅಚ್ಚಾಗಲು ನೆರವಾಗಿ ಎಂದು 1819ರಲ್ಲಿ ತಕಿಜಾವಾ ಬಾಕಿನ್ ಎಂಬ ದೊಡ್ಡ ಸಾಹಿತಿಗೆ ಕಳಿಸಿದಳು. ಆತ ಅದನ್ನು ಖಂಡಿಸಿ ಇನ್ನೊಂದು ಬರಹವನ್ನೇ ಬರೆದು ಕಳಿಸಿ, ಪತ್ರವ್ಯವಹಾರಕ್ಕೆ ಮಂಗಳ ಹಾಡಿದ. ಅವಳು ಬದುಕಿರುವವರೆಗೂ ಆ ಗ್ರಂಥ ಅಚ್ಚಾಗಲಿಲ್ಲ. ಇನ್ನು ಎನ್ರಿಯೋ ಈ ತೋಟ ಬೆಳೆಸುತ್ತಿದ್ದ ಹೊತ್ತಿಗೆ, 1911ರಲ್ಲಿ, ಅದೇ ಟೋಕಿಯೋದಲ್ಲಿ ಹಿರಾತ್ಸುಕಾ ರಾಯಿಚೊ ಎಂಬ ಯುವತಿ ತನ್ನ ಗೆಳತಿಯರೊಂದಿಗೆ ‘ಸೆಯಿತೊ’ ಎಂಬ ಮಹಿಳೆಯರದೇ ಪತ್ರಿಕೆ ತಂದಳು. ಝೆನ್ ಸಾಧನೆ ಮಾಡಿದವಳು ಆಕೆ. 1916ರಲ್ಲಿ, ಎನ್ರಿಯೋ ಬದುಕಿರುವಾಗಲೇ, ಅವರು ಹುಟ್ಟುಹಾಕಿದ ವಿದ್ಯಾಸಂಸ್ಥೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಶಾಲೆಯ ಬಾಗಿಲು ತೆರೆಯಿತು, ತೋಟದ ಬಾಗಿಲು ತೆರೆಯಲಿಲ್ಲ.

ಆ ಕಾಲ ಹಾಗಿತ್ತು ಎಂದರೆ ಇದೂ ಆ ಕಾಲವೇ ಅಲ್ಲವೇ? ಹೆಣ್ಣು ರಾಜಕೀಯ ಸಭೆಗೆ ಕಾಲಿಡುವುದನ್ನೂ ಜಪಾನಿನ ಕಾನೂನು ತಡೆದಿತ್ತು, ಆ ತಡೆ ತೆಗೆದದ್ದು 1922ರಲ್ಲಿ. ಅಂಥ ಕಾಲದಲ್ಲೂ ಹೆಣ್ಣು ಯೋಚಿಸಿದಳು, ಬರೆದಳು, ಪತ್ರಿಕೆ ನಡೆಸಿದಳು. ಕಾಲದಲ್ಲಿ ಎರಡೂ ಇರುತ್ತದೆ. ನಾವು ಯಾವುದನ್ನು ಕಲ್ಲಿನಲ್ಲಿ ಕೆತ್ತುತ್ತೇವೆ ಎನ್ನುವುದು ಕಾಲದ ತಪ್ಪಲ್ಲ, ಉಳಿ ಹಿಡಿದವರ ಆಯ್ಕೆ. ಹನ್ನೊಂದು ಕಂಚಿನ ಪ್ರತಿಮೆಗಳಂತೂ ನಿನ್ನೆ ಮೊನ್ನೆಯವು. 2009 ಯಾವ ಕಾಲ?

ಹೋಗಲಿ, ತತ್ವಜ್ಞಾನಿ ಹೆಂಗಸರು ಇದ್ದದ್ದೇ ಕಡಿಮೆ, ಯಾರನ್ನು ನಿಲ್ಲಿಸುವುದು ಎನ್ನುವಿರಾ? ಅಲ್ಲಿ ನಿಂತಿರುವ ಮಹನೀಯರನ್ನೇ ಸಾಕ್ಷಿಗೆ ಕರೆಯೋಣ. ಪ್ರೇಮದ ತತ್ವವನ್ನು ತನಗೆ ಕಲಿಸಿದವಳು ಡಿಯೋಟಿಮಾ ಎಂಬ ಹೆಂಗಸು ಎಂದು ಸಾಕ್ರಟೀಸನೇ ಹೇಳುವುದಾಗಿ ಪ್ಲೇಟೋ ಬರೆದಿದ್ದಾನೆ. ಗುರು ಹೊರಗೆ, ಶಿಷ್ಯ ಒಳಗೆ! ಬುದ್ಧನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಸಂಘಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಿ ಎಂದು ಕೇಳಿ, ಇಲ್ಲವೆನಿಸಿಕೊಂಡು, ಮತ್ತೆ ಕೇಳಿ, ಕೊನೆಗೆ ಸೇರಿಯೇ ಸೇರಿದಳು. ಭಿಕ್ಷುಣಿಯರ ಹಾಡುಗಳು ‘ಥೇರೀಗಾಥಾ’ ಎಂಬ ಗ್ರಂಥವಾಗಿ ಇಂದಿಗೂ ಇವೆ. ಬುದ್ಧನಿಗೆ ಎರಡು ಕಡೆ ಜಾಗ ಕೊಟ್ಟವರಿಗೆ ಅವನನ್ನು ಸಾಕಿದವಳಿಗೆ ಒಂದು ಮೂಲೆ ಸಿಗಲಿಲ್ಲ. ಕಪಿಲ, ಅಕ್ಷಪಾದರನ್ನು ಹುಡುಕಿ ತಂದವರಿಗೆ ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿ ಕಾಣಲಿಲ್ಲವೆ? ತುಂಬಿದ ಸಭೆಯಲ್ಲಿ ಯಾಜ್ಞವಲ್ಕ್ಯರನ್ನು ಒಂದರ ಮೇಲೊಂದು ಪ್ರಶ್ನೆ ಕೇಳಿ, ಇನ್ನು ಕೇಳಿದರೆ ನಿನ್ನ ತಲೆ ಬಿದ್ದೀತು ಎನ್ನಿಸಿಕೊಂಡವಳು ಅವಳು. ಅದೇ ಯಾಜ್ಞವಲ್ಕ್ಯರ ಹೆಂಡತಿ ಮೈತ್ರೇಯಿ ಆಸ್ತಿ ಬೇಡ, ಅರಿವು ಕೊಡಿ ಎಂದವಳು. ಜಸ್ಟಿನಿಯನ್ ತನ್ನ ರಾಣಿ ಥಿಯೊಡೋರಾಳ ಸಲಹೆ ಪಡೆದದ್ದನ್ನು ತನ್ನ ಶಾಸನವೊಂದರಲ್ಲೇ ಒಪ್ಪಿಕೊಂಡಿದ್ದಾನೆ. ಇನ್ನು ನಮ್ಮ ಗಾಂಧೀಜಿ ಅಹಿಂಸೆಯ ಪಾಠವನ್ನು ತಾನು ಕಸ್ತೂರಬಾ ಅವರಿಂದ ಕಲಿತೆ ಎಂದು ಬಾಯಿಬಿಟ್ಟು ಹೇಳಿದವರು. ಪಾಠ ಕಲಿಸಿದವರು ಮನೆಯಲ್ಲೇ ಉಳಿದರು.

ನಾಲ್ವರು ಮಹಾತ್ಮರಲ್ಲಿ ಇನ್ನಿಬ್ಬರಿದ್ದಾರಲ್ಲ, ಅವರ ಮಾತೂ ಇರಲಿ. ಕನ್‌ಫ್ಯೂಷಿಯಸ್ ಹೆಂಗಸರನ್ನೂ ಅಲ್ಪರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಇವರೊಡನೆ ಹೆಣಗುವುದು ಕಷ್ಟ ಎಂದ. 1764ರಲ್ಲಿ ಬರೆದ ಪುಸ್ತಕವೊಂದರಲ್ಲಿ ಕಾಂಟ್, ತಲೆಯಲ್ಲಿ ಗ್ರೀಕ್ ಪಾಂಡಿತ್ಯ ತುಂಬಿಕೊಂಡ ಹೆಂಗಸಿಗೆ ಗಡ್ಡವೊಂದು ಬಾಕಿ ಎನ್ನುವ ಅರ್ಥದ ಕುಚೋದ್ಯ ಮಾಡಿದ. ಇಂಥವರನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಅವರ ದೊಡ್ಡತನಕ್ಕೆ ಕೈ ಮುಗಿಯುತ್ತೇನೆ. ಆದರೆ ಕೈ ಮುಗಿಯುವಾಗ ಕಣ್ಣು ಮುಚ್ಚಲೇಬೇಕು ಎಂದೇನೂ ಇಲ್ಲವಲ್ಲ?

ಕೊನೆಗೆ ಉಳಿಯುವುದು ಪುರುಸೊತ್ತಿನ ಮಾತು. ತತ್ವಚಿಂತನೆಗೆ ವಿರಾಮ ಬೇಕು, ಹೆಂಗಸರಿಗೆ ಅದೆಲ್ಲಿತ್ತು ಎಂದು ಕನಿಕರದಿಂದ ಹೇಳುವವರಿದ್ದಾರೆ. ಅವರಿಗೆ ಎನ್ರಿಯೋ ಅವರ ಶಾಲೆಯನ್ನೇ ತೋರಿಸುತ್ತೇನೆ. ವಿರಾಮವಿಲ್ಲದವರಿಗಾಗಿಯೇ ಅಲ್ಲವೇ ಅವರು ಅದನ್ನು ತೆರೆದದ್ದು? ಹಾಗಾದರೆ ಅವರ ಮೊದಲ ವಿದ್ಯಾರ್ಥಿ ಹೆಣ್ಣೇ ಆಗಬೇಕಿತ್ತು. ಒಲೆಯ ಮುಂದೆ, ತೊಟ್ಟಿಲ ಪಕ್ಕದಲ್ಲಿ, ಮುದುಕರ ಹಾಸಿಗೆಯ ಬಳಿ ಕುಳಿತವಳಿಗಿಂತ ಕಡಿಮೆ ವಿರಾಮ ಇನ್ನಾರಿಗಿದೆ?

ನನ್ನ ಮಗಳು ಓದಿನಲ್ಲಿ ನನಗಿಂತ ಬಹಳ ಮುಂದೆ. ಸಂಶೋಧನೆ ಮಾಡುತ್ತಿದ್ದವಳು ಮಗುವಿನ ಸಲುವಾಗಿ ನಿಲ್ಲಿಸಿದ್ದಳು. ಒಂದು ದಿನ ಅವಳನ್ನೂ ತೋಟಕ್ಕೆ ಕರೆದುಕೊಂಡು ಹೋದೆ. ‘ಮನಸ್ಸು’ ಕೊಳದ ಹತ್ತಿರ ಕುಳಿತಿದ್ದಾಗ, “ಅಮ್ಮಾ, ಮೂರು ತಿಂಗಳಿಂದ ಒಂದು ಯೋಚನೇನ ಪೂರ್ತಿ ಮಾಡಿಲ್ಲ ನಾನು. ಅರ್ಧಕ್ಕೆ ಬರೋ ಹೊತ್ತಿಗೆ ಇವಳು ಅಳ್ತಾಳೆ” ಎಂದಳು. ದೂರಿನ ದನಿಯೇನೂ ಇರಲಿಲ್ಲ. ಮಗುವಿನ ಮೇಲೆ ಅವಳಿಗೆ ಜೀವ. ಆದರೂ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಪ್ರಪಂಚದಲ್ಲಿ ಹೀಗೆ ಅರ್ಧಕ್ಕೆ ನಿಂತ ಯೋಚನೆಗಳನ್ನೆಲ್ಲ ಕೂಡಿಹಾಕಿದರೆ ಅದಕ್ಕೆ ಎಷ್ಟು ದೊಡ್ಡ ತೋಟ ಬೇಕಾದೀತು! ಅವಳ ಯೋಚನೆಗೆ ಅಡ್ಡ ಬಂದದ್ದು ಮಗುವಲ್ಲ. ಮಗು ಅತ್ತಾಗ ಏಳಬೇಕಾದವಳು ತಾಯಿ ಒಬ್ಬಳೇ ಎಂದು ನಾವೆಲ್ಲ ಒಪ್ಪಿಕೊಂಡಿರುವುದು. ನಾನೂ ಒಪ್ಪಿಕೊಂಡವಳೇ. ಮಗಳಿಗೆ ನಿದ್ದೆ ಬೇಕೆಂದು ಗಾಡಿ ತಳ್ಳಲು ನಾನು ಬಂದೆ, ನನಗೂ ಮೊದಲು ಬೀಗಿತ್ತಿ ಬಂದಿದ್ದರು. ಅಳಿಯನಿಗೆ ರಜೆ ಹಾಕು ಎಂದು ನಾವಿಬ್ಬರೂ ಒಂದು ದಿನವಾದರೂ ಹೇಳಲಿಲ್ಲ.

ಇದನ್ನು ಬರೆಯುವಾಗ ಇನ್ನೊಂದು ಬೆರಳು ನನ್ನ ಕಡೆಗೇ ತಿರುಗುತ್ತದೆ. ನಮ್ಮ ಶಾಲೆಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಪಟಗಳಿವೆ. ಅವನ್ನು ತೂಗುಹಾಕಿದ ಸಮಿತಿಯಲ್ಲಿ ನಾನೂ ಇದ್ದೆ. ಊರಿಗೆ ಬಂದು ಶಾಲೆ ತೆರೆದ ಮೊದಲ ದಿನ ಎಣಿಸಿದೆ. ಹದಿನೆಂಟು ಪಟ, ಅದರಲ್ಲಿ ಸರಸ್ವತಿಯನ್ನು ಬಿಟ್ಟರೆ ಹೆಣ್ಣು ಒಬ್ಬಳೇ, ಝಾನ್ಸಿ ರಾಣಿ. ಅವಳೂ ಕತ್ತಿ ಹಿಡಿದದ್ದಕ್ಕೆ ಬಂದವಳು. ಅಕ್ಕಮಹಾದೇವಿಯ ನಾಡಿನ ಶಾಲೆಯಿದು! ಮಹಾಪುರುಷರ ಜೀವನಚರಿತ್ರೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಆ ‘ಮಹಾಪುರುಷ’ ಎಂಬ ಶಬ್ದ ಒಮ್ಮೆಯೂ ನನ್ನ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲ. ಮುಂದಿನ ಬೆಂಚಿನಲ್ಲಿ ಕುಳಿತ ಹೆಣ್ಣುಮಕ್ಕಳು ತಲೆಯೆತ್ತಿ ನೋಡಿದಾಗ ಅವರಿಗೆ ಗೋಡೆಯ ಮೇಲೆ ಕಂಡದ್ದು ಏನು? ಪೂಜೆಗೆ ದೇವಿ, ಯುದ್ಧಕ್ಕೆ ರಾಣಿ. ಯೋಚಿಸುವುದಕ್ಕೆ ಮಾತ್ರ ಗಂಡಸರು. ಟೋಕಿಯೋದ ತೋಟಕ್ಕೆ ಬುದ್ಧಿ ಹೇಳುವ ಮೊದಲು ನಾನು ಮೊಳೆ, ಸುತ್ತಿಗೆ ತರಬೇಕಾಯಿತು. ತಂದೆ. ಈಗ ಗೋಡೆಯ ಮೇಲೆ ಅಕ್ಕ ಇದ್ದಾಳೆ, ಸಾವಿತ್ರಿಬಾಯಿ ಫುಲೆ ಇದ್ದಾರೆ. “ಇದೇನು ಮೇಡಂ, ಹೊಸ ಗಲಾಟೆ” ಎಂದ ಸಹೋದ್ಯೋಗಿಗಳೂ ಇದ್ದಾರೆ.

ಪ್ರತಿಮೆ, ಪಟಗಳಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದೇ ಉತ್ತರ. ಏನೂ ಆಗುವುದಿಲ್ಲವಾದರೆ ಇಪ್ಪತ್ತೈದು ಗಂಡಸರನ್ನು ಯಾಕೆ ನಿಲ್ಲಿಸಿದಿರಿ? ಎನ್ರಿಯೋ ಪೆದ್ದರಲ್ಲ. ನಡೆದಾಡುವವರ ಕಣ್ಣಿಗೆ ಬಿದ್ದದ್ದು ಮನಸ್ಸಿಗೂ ಇಳಿಯುತ್ತದೆ ಎಂದು ನಂಬಿಯೇ ಅವರು ತತ್ವಶಾಸ್ತ್ರವನ್ನು ತೋಟ ಮಾಡಿದ್ದು. ಅವರ ನಂಬಿಕೆ ನನ್ನದೂ ಹೌದು. ಅದಕ್ಕೇ ನನ್ನ ತಕರಾರು.

ಈ ತೋಟ ಸಾರ್ವಜನಿಕರಿಗೆ ತೆರೆದ 1946, ಜಪಾನಿನ ಹೆಂಗಸರು ಮೊದಲ ಬಾರಿಗೆ ಮತ ಹಾಕಿದ ವರ್ಷ. ಆ ಏಪ್ರಿಲ್ ಚುನಾವಣೆಯಲ್ಲಿ 39 ಮಂದಿ ಹೆಂಗಸರು ಗೆದ್ದು ಸಂಸತ್ತಿಗೆ ಹೋದರು. ಸಂಸತ್ತಿನಲ್ಲಿ ಸಿಕ್ಕಿದ ಜಾಗ ತೋಟದಲ್ಲಿ ಸಿಗಲಿಲ್ಲ. 2020ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರದ ರಮಣೀಯ ಸ್ಥಳಗಳ ಪಟ್ಟಿಗೆ ಸೇರಿಸಿದೆ. ಸಂತೋಷ, ಕಾಪಾಡಲಿ. ಎನ್ರಿಯೋ ಇಟ್ಟ ಕಲ್ಲನ್ನು ಕದಲಿಸುವುದು ಬೇಡ. ಆದರೆ 2009ರಲ್ಲಿ ಹನ್ನೊಂದು ಗಂಡಸರಿಗೆ ಹೊಸದಾಗಿ ಜಾಗ ಸಿಕ್ಕಿದ ಆ ದಂಡೆಯಲ್ಲಿ, ಅಚ್ಚಾಗದ ಗ್ರಂಥವನ್ನು ಕೈಯಲ್ಲಿ ಹಿಡಿದ ಮಾಕುಜುಗೆ ಒಂದು ಕಲ್ಲಿನ ಪೀಠ ಹಾಕಲು ಆಗದೇ?

ಊರಿಗೆ ಹೊರಡುವ ಹಿಂದಿನ ದಿನ ಕೊನೆಯ ಬಾರಿ ಹೋದೆ. ಆ ದಿನ ಮಗುವನ್ನು ಅಪ್ಪನ ಬಳಿ ಬಿಟ್ಟಿದ್ದೆವು. ನಾನೇ ಹೇಳಿದೆ, “ಎರಡು ಗಂಟೆ ನೋಡಿಕೊಳ್ಳಪ್ಪಾ” ಎಂದು. “ಸರಿ ಅತ್ತೆ” ಎಂದ, ಅಷ್ಟೆ. ಇಷ್ಟು ದಿನ ಕೇಳದೆ ಇದ್ದದ್ದು ನಾವೇ. ಗಾಡಿಯಿಲ್ಲದ ಕೈ ಬೀಸಿಕೊಂಡು ನಾನೂ ಮಗಳೂ ‘ಅರಿವಿನ ಹಾದಿ’ಯನ್ನು ನಿಧಾನವಾಗಿ ಹತ್ತಿದೆವು. ದಾರಿಯಲ್ಲಿ ಅವಳು ನಿಂತುಹೋಗಿದ್ದ ತನ್ನ ಸಂಶೋಧನೆಯ ವಿಷಯ ಹೇಳತೊಡಗಿದಳು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವಳು ಮಾತ್ರ ಮಾತನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ.